ಬ್ರೆಜಿಲಿನಲ್ಲಿ ಹಿಮ ಬಿದ್ದರೆ

ಗಾಂಧಿಬಜಾರಿನ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಸಣ್ಣ ಕಾಫಿಪುಡಿ ಅಂಗಡಿ. ಅಪ್ಪ ಇಟ್ಟದ್ದು, ಈಗ ನಾನು ನೋಡಿಕೊಳ್ಳುತ್ತೇನೆ. 2025ರ ಮೊದಲ ತಿಂಗಳುಗಳಲ್ಲಿ ಪುಡಿಯ ಬೆಲೆ ಕಿಲೋಗೆ ಸಾವಿರ ರೂಪಾಯಿ ದಾಟಿತು. ಮೂವತ್ತು ವರ್ಷದಿಂದ ಬರುವ ಗಿರಾಕಿಗಳೂ ಬೋರ್ಡು ಓದಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಅರ್ಧ ಕಿಲೋ ಒಯ್ಯುತ್ತಿದ್ದವರು ಕಾಲು ಕಿಲೋ ಸಾಕು ಅನ್ನುತ್ತಿದ್ದರು. “ಕಾಫಿ ಬೆಳೆಯೋದು ನಮ್ಮ ಚಿಕ್ಕಮಗಳೂರಲ್ಲಿ. ರೇಟು ಯಾಕಮ್ಮ ಹಿಂಗೆ?”

“ಬ್ರೆಜಿಲಲ್ಲಿ ಮಳೆ ಆಗಿಲ್ಲ” ಅನ್ನುತ್ತಿದ್ದೆ. 2021ರಲ್ಲಿ ಇದೇ ಮಾತು “ಬ್ರೆಜಿಲಲ್ಲಿ ಹಿಮ ಬಿತ್ತು” ಎಂದಿತ್ತು. ಅಪ್ಪ ಗಲ್ಲಾದಲ್ಲಿ ಕೂತು ಹೇಳುತ್ತಿದ್ದ ಮಾತು ಅದು, ಹಾಗೆಯೇ ನನ್ನ ಬಾಯಿಗೆ ಬಂದಿದೆ. ಸುಳ್ಳಲ್ಲ. ಪ್ರಪಂಚದ ಕಾಫಿಯಲ್ಲಿ ಮೂರನೇ ಒಂದು ಪಾಲು ಆ ಒಂದು ದೇಶದ್ದು. ಭಾರತದ ಇಡೀ ವರ್ಷದ ಬೆಳೆ ಮೂರೂವರೆ ಲಕ್ಷ ಟನ್ ಆಸುಪಾಸು, ಅವರದು ಮೂವತ್ತು ಲಕ್ಷ ಟನ್ನಿಗೂ ಮೇಲೆ. ನ್ಯೂಯಾರ್ಕಿನ ಪೇಟೆ ಅವರ ಆಕಾಶ ನೋಡಿ ಬೆಲೆ ಕಟ್ಟುತ್ತದೆ, ಬಾಳೆಹೊನ್ನೂರಿನ ಬೆಳೆಗಾರ ಆ ಬೆಲೆ ನೋಡಿ ಮೂಟೆ ಬಿಚ್ಚುತ್ತಾನೆ. ಆದರೂ ಕಾಣದ ಊರಿನ ಹವೆಯನ್ನು ದಿನಕ್ಕೆ ಹತ್ತು ಸಲ ಹೇಳುವಾಗ ಒಳಗೊಂದು ಮುಜುಗರ ಇರುತ್ತಿತ್ತು. ಅಕ್ಕನ ಮಗ ಕೆಲಸದ ಮೇಲೆ ಸಾವೊ ಪಾಲೊದಲ್ಲಿದ್ದ. “ಚಿಕ್ಕಮ್ಮ, ನಾನು ಮುಂದಿನ ವರ್ಷ ವಾಪಸ್ ಬಂದ್ಬಿಡ್ತೀನಿ. ಬರೋದಾದ್ರೆ ಈಗಲೇ ಬನ್ನಿ, ನಾನೇ ಕಾರಲ್ಲಿ ಸುತ್ತಿಸ್ತೀನಿ” ಅಂದ. ಜುಲೈಯಲ್ಲಿ ಅಲ್ಲಿ ಚಳಿಗಾಲ. ಕಾಫಿ ಕೊಯ್ಲೂ ಆಗಲೇ, ಹಿಮದ ಭಯವೂ ಆಗಲೇ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟೆ.

ಬ್ರೆಜಿಲಿಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯ ಕಾರ್ಡು ಜೊತೆಗಿಟ್ಟುಕೊಳ್ಳಬೇಕು, ವಾಪಸು ಬರುವಾಗ ಇಲ್ಲಿ ಕೇಳುತ್ತಾರೆ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ನಾನು ಆಡಿಸ್ ಅಬಾಬಾದ ದಾರಿ ಹಿಡಿದೆ, ಅದೂ ಬೇಕೆಂದೇ. ಕಾಫಿಯ ತವರು ಇಥಿಯೋಪಿಯ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್ನಿಗೆ ಹೋದ ಗಿಡದ ಏಳು ಬೀಜಗಳನ್ನು ಬಾಬಾಬುಡನ್ ಸುಮಾರು 1670ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟಕ್ಕೆ ತಂದರೆಂದು ನಾವು ನಂಬಿಕೊಂಡು ಬಂದಿದ್ದೇವೆ. ಬ್ರೆಜಿಲಿನವರಿಗೂ ಅಂಥದೇ ಒಂದು ಕಥೆಯಿದೆ. 1727ರಲ್ಲಿ ಪಲ್ಯೇತಾ ಎಂಬ ಅಧಿಕಾರಿ ಪಕ್ಕದ ಫ್ರೆಂಚ್ ಗಯಾನಾಕ್ಕೆ ಹೋದವನು, ಅಲ್ಲಿನ ರಾಜ್ಯಪಾಲನ ಹೆಂಡತಿ ಹೂಗುಚ್ಛದಲ್ಲಿ ಬಚ್ಚಿಟ್ಟು ಕೊಟ್ಟ ಬೀಜ ತಂದನಂತೆ. ಎರಡೂ ಕಡೆ ಕದ್ದು ತಂದ ಬೀಜವೇ. ಆಡಿಸ್‌ನಲ್ಲಿ ನಸುಕಿನಲ್ಲಿ ಕಪ್ಪು ಕಾಫಿ ಕುಡಿದು ಮತ್ತೆ ಹನ್ನೆರಡು ಗಂಟೆ ಹಾರಿದೆ. ಕೆಳಗೆ ಇಡೀ ಆಫ್ರಿಕ, ಆಮೇಲೆ ಇಡೀ ಅಟ್ಲಾಂಟಿಕ್ ಕಡಲು. ಆ ಕಡಲನ್ನು ಹಡಗಿನ ತಳದಲ್ಲಿ ಬೇಡಿ ಹಾಕಿಸಿಕೊಂಡು ದಾಟಿದವರ ವಿಷಯ ನಾನು ತಿಳಿದದ್ದು ಇನ್ನೊಂದು ವಾರದ ನಂತರ.

ಸಾವೊ ಪಾಲೊದ ಮನೆಯಲ್ಲಿ ಮೊದಲ ದಿನವೇ ಒಂದು ಸಂತೋಷ ಕಾದಿತ್ತು. ಮನೆ ಕೆಲಸಕ್ಕೆ ಬರುವ ಹೆಂಗಸು ಹುಡುಗನ ಹತ್ತಿರ ಏನೋ ಕೇಳಿದಳು. ಪೋರ್ಚುಗೀಸ್ ಒಂದಕ್ಷರ ಬಾರದ ನನಗೆ “ಶಾವಿ” ಅಂದದ್ದು ಕೇಳಿಸಿತು. ಚಾವಿ! ಆಮೇಲೆ ಕಿವಿ ನೆಟ್ಟಗಾಯಿತು. ಮೇಜಿಗೆ ಮೆಜಾ, ಬಾಲ್ದಿಗೆ ಬಾಲ್ದಿ, ಸಾಬೂನಿಗೆ ಸಬಾಂವ್, ಅಲಮಾರಿಗೆ ಅರ್ಮಾರಿಯು. ಗೋವೆಯ ದಾರಿಯಲ್ಲಿ ನಮ್ಮ ಮನೆಯೊಳಗೆ ಬಂದ ಮಾತುಗಳು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಇನ್ನೊಬ್ಬರ ಅಡುಗೆಮನೆಯಲ್ಲಿ ಓಡಾಡುತ್ತಿದ್ದವು. ಬಂದದ್ದು ಮಾತಷ್ಟೇ ಅಲ್ಲ. ಗೇರು, ಅನಾನಸು, ಮರಗೆಣಸು, ಸೀಬೆ ಎಲ್ಲವೂ ಆ ಖಂಡದವು. ಮಂಗಳೂರಿನ ಗೋಡಂಬಿ ಕಾರ್ಖಾನೆಗಳ ಮೂಲ ಬ್ರೆಜಿಲಿನ ಈಶಾನ್ಯ ಕರಾವಳಿಯಲ್ಲಿದೆ.

ಈ ನಂಟಿಗೆ ಒಂದು ತಾರೀಖೂ ಉಂಟು. ವಾಸ್ಕೊ ಡ ಗಾಮ ಹಿಂತಿರುಗಿದ ಮೇಲೆ ಪೋರ್ಚುಗಲ್ ದೊರೆ 13 ಹಡಗು ಕೊಟ್ಟು ಕಬ್ರಾಲ್ ಎಂಬವನನ್ನು ಭಾರತಕ್ಕೆ ಕಳಿಸಿದ. ಅವನು ಪಶ್ಚಿಮಕ್ಕೆ ತುಂಬ ಸರಿದು ಹೋಗಿ 1500ರ ಏಪ್ರಿಲ್ 22ರಂದು ಬ್ರೆಜಿಲಿನ ದಡ ಕಂಡ. ಕೆಲವು ದಿನ ಇದ್ದು, ಶಿಲುಬೆ ನೆಟ್ಟು, ಮತ್ತೆ ಭಾರತದ ದಾರಿ ಹಿಡಿದ. ಅದೇ ವರ್ಷ ಆಗಸ್ಟಿನಲ್ಲಿ ಆ ಹಡಗುಗಳು ನಿಂತು ದುರಸ್ತಿ ಮಾಡಿಕೊಂಡದ್ದು ನಮ್ಮ ಕಾರವಾರದ ಎದುರಿನ ಅಂಜುದೀವ ನಡುಗಡ್ಡೆಯಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದವು. ಬ್ರೆಜಿಲ್ ಎಂಬ ಮಹಾದೇಶ ಯುರೋಪಿನ ಲೆಕ್ಕಕ್ಕೆ ಸೇರಿದ್ದು ನಮ್ಮ ಕರಾವಳಿಗೆ ಬರುವ ದಾರಿಯಲ್ಲಿ.

ಮಹಾದೇಶ ಅಂದದ್ದು ಬಾಯಿಮಾತಿಗಲ್ಲ. ವಿಸ್ತೀರ್ಣ 85 ಲಕ್ಷ ಚದರ ಕಿ.ಮೀ., ಭಾರತದ ಎರಡೂವರೆ ಪಟ್ಟು. ಜನ 2022ರ ಗಣತಿಯಲ್ಲಿ 20.3 ಕೋಟಿ, ನಮ್ಮ ಏಳನೇ ಒಂದು ಪಾಲು. ದಕ್ಷಿಣ ಅಮೆರಿಕದಲ್ಲಿ ಚಿಲಿ, ಎಕ್ವಡಾರ್ ಬಿಟ್ಟು ಉಳಿದ ಎಲ್ಲ ದೇಶಗಳೂ ಅದಕ್ಕೆ ಗಡಿ. ಅರ್ಧ ದೇಶ ಅಮೆಜಾನ್ ಕಾಡು, ಅತ್ತ ನಾನು ಕಾಲಿಡಲೇ ಇಲ್ಲ. ಹನ್ನೆರಡು ದಿನದಲ್ಲಿ ನಾನು ಕಂಡದ್ದು ಆಗ್ನೇಯದ ಒಂದು ಮೂಲೆ: ಸಾವೊ ಪಾಲೊ, ಸಾಂತೋಸ್, ರಿಯೊ, ಪರಾಯಿಬ ಕಣಿವೆ, ಮಿನಾಸ್ ಜೆರೈಸ್ ರಾಜ್ಯದ ದಕ್ಷಿಣ ಭಾಗ. ಕಾಫಿ ನಡೆದ ದಾರಿ ಅದು.

ಸಾವೊ ಪಾಲೊ ನಗರ ಬೆಂಗಳೂರಿನ ಹಾಗೆ ಎತ್ತರದಲ್ಲಿದೆ, ಸುಮಾರು 760 ಮೀಟರ್. ಮಧ್ಯಾಹ್ನ ಬಿಸಿಲು, ಸಂಜೆ ಸ್ವೆಟರು. ನಡುವೆ ಟಿಯೆಟೆ ಎಂಬ ನದಿ ಹರಿಯುತ್ತದೆ. ಹರಿಯುತ್ತದೆ ಅನ್ನಲು ಮನಸ್ಸು ಬಾರದು. ಎರಡು ಬದಿಗೂ ಹೆದ್ದಾರಿ ಕಟ್ಟಿ ನೆಟ್ಟಗೆ ಮಾಡಿದ ಕಾಲುವೆ, ಕಪ್ಪು ನೀರು, ನಮ್ಮ ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಸುವ ಅದೇ ವಾಸನೆ. ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಹೇಳುವ ವೃಷಭಾವತಿಗೆ ನಾವು ಮಾಡಿದ್ದನ್ನೇ ಅವರು ಟಿಯೆಟೆಗೆ ಮಾಡಿದ್ದಾರೆ. ಆದರೆ ಆ ನದಿಯ ನಡೆ ಕೇಳಿ ನಾನು ಬೆರಗಾದೆ. ಅದು ಹುಟ್ಟುವುದು ಕಡಲಿನಿಂದ ಬರೀ 22 ಕಿ.ಮೀ. ದೂರದ ಬೆಟ್ಟದಲ್ಲಿ. ಹತ್ತಿರದ ಕಡಲಿಗೆ ಇಳಿಯುವುದಿಲ್ಲ, ಬೆನ್ನು ತಿರುಗಿಸಿ ಒಳನಾಡಿಗೆ ಸಾವಿರದ ನೂರು ಕಿ.ಮೀ. ಹರಿದು ಪರಾನಾ ನದಿಯನ್ನು ಸೇರಿ ಕೊನೆಗೆ ಅರ್ಜೆಂಟೀನಾದ ಬಳಿ ಸಮುದ್ರ ಕಾಣುತ್ತದೆ. ನಮ್ಮ ತುಂಗೆ, ಕಾವೇರಿ ಅರಬ್ಬಿ ಸಮುದ್ರದ ನೆತ್ತಿಯಲ್ಲೇ ಹುಟ್ಟಿ ಬಂಗಾಳ ಕೊಲ್ಲಿಗೆ ಹೋಗುವ ಹಾಗೆಯೇ. ಕಾರಣವೂ ಒಂದೇ: ಕಡಲಂಚಿನಲ್ಲಿ ಗೋಡೆಯ ಹಾಗೆ ಎದ್ದ ಘಟ್ಟ, ಅದರ ಹಿಂದೆ ಒಳಕ್ಕೆ ಇಳಿಜಾರಾದ ಪ್ರಸ್ಥಭೂಮಿ. ಅವರ ಘಟ್ಟದ ಹೆಸರು ಸೆರ್ರಾ ದೊ ಮಾರ್, ಕಡಲ ಗುಡ್ಡಸಾಲು. ಕೋಟ್ಯಂತರ ವರ್ಷಗಳ ಹಿಂದೆ ಅವರ ನೆಲವೂ ನಮ್ಮ ನೆಲವೂ ಗೊಂಡ್ವಾನ ಎಂಬ ಒಂದೇ ಖಂಡದಲ್ಲಿದ್ದವು ಎಂದು ಹೈಸ್ಕೂಲಿನಲ್ಲಿ ಉರು ಹೊಡೆದದ್ದು ಅಲ್ಲಿ ಕಣ್ಣಿಗೆ ಕಂಡಿತು.

ಸಾಂತೋಸ್‌ಗೆ ಇಳಿಯುವ ರಸ್ತೆ ಥೇಟ್ ಶಿರಾಡಿ. ಮಂಜು, ಜರಿ, ಬಂಡೆಯಿಂದ ಸೋರುವ ನೀರು, ಅಡಿಯಿಂದ ಮುಡಿಯವರೆಗೆ ಹಸಿರು. ಈ ಕರಾವಳಿ ಕಾಡು ಮೊದಲಿದ್ದುದರಲ್ಲಿ ಈಗ ಉಳಿದಿರುವುದು ಎಂಟರಲ್ಲಿ ಒಂದು ಪಾಲು. ಉಳಿದದ್ದೂ ಹೆಚ್ಚಾಗಿ ಇಂಥ ಕಡಿದಾದ ಇಳಿಜಾರುಗಳಲ್ಲಿ, ಕೊಡಲಿಗೂ ನೇಗಿಲಿಗೂ ಸಿಗದ ಕಡೆ. 1867ರಲ್ಲಿ ಇಂಗ್ಲಿಷರು ಈ ಘಟ್ಟಕ್ಕೆ ರೈಲು ಹತ್ತಿಸಿದರು. ಕಡಿದಾದ ಕಡೆ ಬಂಡಿಗಳನ್ನು ಉಕ್ಕಿನ ಹಗ್ಗ ಕಟ್ಟಿ ಎಳೆಯುತ್ತಿದ್ದರಂತೆ. ರೈಲು ಬಂದದ್ದೇ ಬಂದದ್ದು, ಒಳನಾಡಿನ ಕಾಫಿ ಹಡಗಿಗೆ ಸುರಿಯಿತು. 1872ರಲ್ಲಿ ಸಾವೊ ಪಾಲೊ 31 ಸಾವಿರ ಜನರ ಊರು, 1900ಕ್ಕೆ 2.4 ಲಕ್ಷ, ಈಗ 1.14 ಕೋಟಿ. ನಮ್ಮ ಊರಿಗೆ ಐಟಿ ಮಾಡಿದ್ದನ್ನು ಆ ಊರಿಗೆ ಕಾಫಿ ಮಾಡಿತು.

ಸಾಂತೋಸ್‌ನಲ್ಲಿ ಹಳೆಯ ಕಾಫಿ ವಿನಿಮಯ ಕೇಂದ್ರವಿದೆ. 1922ರಲ್ಲಿ ಬ್ರೆಜಿಲ್ ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ತೆರೆದ ಅರಮನೆಯಂಥ ಕಟ್ಟಡ, ಈಗ ಕಾಫಿ ಮ್ಯೂಸಿಯಂ. ಒಳಗೆ ವ್ಯಾಪಾರದ ದಿವಾಣಖಾನೆ. ಕರಿಮರದ ಕುರ್ಚಿಗಳು ವೃತ್ತಾಕಾರದಲ್ಲಿ, ತಲೆಯ ಮೇಲೆ ಬಣ್ಣದ ಗಾಜಿನ ಚಾವಣಿ. ಹರಾಜಿಗೆ ಪೋರ್ಚುಗೀಸಿನಲ್ಲಿ ಏನನ್ನುತ್ತಾರೆ ಎಂದು ಹುಡುಗನನ್ನು ಕೇಳಿದೆ. “ಲೆಯ್ಲಾಂವ್” ಅಂದ. ಲಿಲಾವು! ಆ ಮಾತು ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಾಫಿ ಮಂಡಳಿಯ ಕಟ್ಟಡದ ಮುಂದೆ ಹಾದುಹೋಗುವಾಗ ಅವರು ಹೇಳುತ್ತಿದ್ದರು. ಆಗೆಲ್ಲ ಬೆಳೆಗಾರರು ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು, ವ್ಯಾಪಾರಿಗಳು ಅಲ್ಲಿ ಲಿಲಾವಿನಲ್ಲಿ ಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು.

ಆ ಮ್ಯೂಸಿಯಂನಲ್ಲಿ ನನ್ನನ್ನು ನಿಲ್ಲಿಸಿದ್ದು ಸುಡುವ ಕಾಫಿಯ ಕಥೆ. 1929ರಲ್ಲಿ ಅಮೆರಿಕದ ಶೇರುಪೇಟೆ ಕುಸಿದಾಗ ಕಾಫಿ ಕೊಳ್ಳುವವರಿಲ್ಲ, ಗೋದಾಮು ತುಂಬಿ ಹೊರಗೆ ರಾಶಿ. ಬೆಲೆ ಹಿಡಿದು ನಿಲ್ಲಿಸಲು ಸರ್ಕಾರವೇ ಕಾಫಿಗೆ ಬೆಂಕಿ ಇಟ್ಟಿತು. 1931ರಿಂದ 1944ರವರೆಗೆ 7.8 ಕೋಟಿ ಮೂಟೆ, ಮೂಟೆಗೆ 60 ಕಿಲೋ. ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಭಾರತ ಈಗ ಹದಿಮೂರು ವರ್ಷದಲ್ಲಿ ಬೆಳೆಯುವಷ್ಟು ಕಾಫಿ ಅದು. ಡ್ರಮ್ಮಿನಲ್ಲಿ ಒಂದು ಹಿಡಿ ಬೀಜ ಹೆಚ್ಚು ಕಂದಿದರೆ ಸಂಕಟಪಡುವ ನನಗೆ ಆ ಸಂಖ್ಯೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತು. ಹೆಚ್ಚಿದ್ದ ಕಾಫಿಯನ್ನು ಕೆಡದ ಹಾಗೆ ಇಡುವ ದಾರಿ ಹುಡುಕಿಕೊಡಿ ಎಂದು ಆಗ ಬ್ರೆಜಿಲಿನವರು ನೆಸ್ಲೆ ಕಂಪನಿಯನ್ನು ಕೇಳಿದರು. 1938ರಲ್ಲಿ ನೆಸ್ಕೆಫೆ ಬಂದದ್ದು ಅದರಿಂದ.

ರಿಯೊ ಕಡೆಗೆ ಡುಟ್ರಾ ಹೆದ್ದಾರಿಯಲ್ಲಿ ಹೊರಟೆವು. ದಾರಿಯಲ್ಲಿ ಸಾವೊ ಜೊಸೆ ದೊಸ್ ಕಾಂಪೊಸ್ ಎಂಬ ಊರು. 1969ರಲ್ಲಿ ಹುಟ್ಟಿದ ಎಂಬ್ರಾಯರ್ ವಿಮಾನ ಕಾರ್ಖಾನೆ ಇಲ್ಲಿಯದು. ಬೆಂಗಳೂರಿನಿಂದ ಬೀದರ್, ಕಲಬುರಗಿಗೆ ಹಾರಿದ ಸಣ್ಣ ವಿಮಾನಗಳೂ, ನಮ್ಮ ರಕ್ಷಣಾ ವಿಜ್ಞಾನಿಗಳು ಬೆಂಗಳೂರಿನಲ್ಲಿ ರಡಾರ್ ಕೂರಿಸಿ ‘ನೇತ್ರ’ ಎಂದು ಹೆಸರಿಟ್ಟ ವಿಮಾನವೂ ಅದರವೇ. ಪೆಟ್ರೋಲ್ ಬಂಕಿನಲ್ಲಿ ಹುಡುಗ ಪೆಟ್ರೋಲ್ ಹಾಕಿಸಲಿಲ್ಲ, ಎಥನಾಲ್ ಹಾಕಿಸಿದ. ಎರಡೂ ಒಂದೇ ಟ್ಯಾಂಕಿಗೆ. ಎಥನಾಲಿನ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಅದು ಲಾಭ, ಇಲ್ಲದಿದ್ದರೆ ಪೆಟ್ರೋಲ್. ಅಲ್ಲಿನ ಪ್ರತಿ ಡ್ರೈವರಿಗೂ ಈ ಲೆಕ್ಕ ಬಾಯಿಪಾಠ. 1973ರಲ್ಲಿ ಕಚ್ಚಾತೈಲದ ಬೆಲೆ ಏರಿದಾಗ ಕಬ್ಬಿನಿಂದ ಇಂಧನ ಮಾಡುವ ಯೋಜನೆ ಶುರುಮಾಡಿದರು, 1975ರಲ್ಲಿ. ಎರಡನ್ನೂ ಸೈರಿಸುವ ಕಾರುಗಳು 2003ರಲ್ಲಿ ಬಂದವು. ಮಂಡ್ಯದ ಕಬ್ಬಿನ ರೈತರ ಬಾಕಿ ಸುದ್ದಿಯನ್ನು ಪ್ರತಿ ವರ್ಷ ಓದುವ ನಮಗೆ ಇದರಲ್ಲಿ ಕಲಿಯುವುದು ಬಹಳವಿದೆ.

ರಿಯೊ ಸುಂದರ ಊರು. ಬೆಟ್ಟದ ಮೇಲಿನ ಕ್ರಿಸ್ತ, ಕಡಲತೀರ ಎಲ್ಲ ಅರ್ಧ ದಿನದಲ್ಲಿ ಮುಗಿಸಿದೆ. ನಾನು ಕಾದಿದ್ದು ತಿಜುಕಾ ಕಾಡಿಗೆ. ಊರ ನಡುವೆ ಎದ್ದ ಬೆಟ್ಟಗಳ ಮೇಲೆ ದಟ್ಟ ಮಳೆಕಾಡು, ಕೋತಿ, ಹಕ್ಕಿ, ಜರಿ. ಅದು ಮನುಷ್ಯರು ನೆಟ್ಟ ಕಾಡು ಎಂದರೆ ನಂಬಲಾಗುವುದಿಲ್ಲ. 19ನೇ ಶತಮಾನದ ಮೊದಲಲ್ಲಿ ಆ ಬೆಟ್ಟಗಳ ಕಾಡು ಕಡಿದು ಕಾಫಿ ಹಾಕಿದರು. ಕೆಲವೇ ದಶಕಗಳಲ್ಲಿ ತೊರೆಗಳು ಬತ್ತಿ ಆಗ ರಾಜಧಾನಿಯಾಗಿದ್ದ ರಿಯೊಗೆ ಕುಡಿಯುವ ನೀರಿಲ್ಲದಾಯಿತು. 1861ರಲ್ಲಿ ಚಕ್ರವರ್ತಿ ಎರಡನೇ ಪೆಡ್ರೊ, ತೋಟಗಳನ್ನು ಬಿಡಿಸಿ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿದ. ಮೇಜರ್ ಆರ್ಚರ್ ಎಂಬ ಅಧಿಕಾರಿ ಹದಿಮೂರು ವರ್ಷದಲ್ಲಿ ಲಕ್ಷದಷ್ಟು ಸಸಿ ನೆಡಿಸಿದ. ಗುಂಡಿ ತೋಡಿ ನೆಟ್ಟವರು ಆರು ಜನ ಗುಲಾಮರು, ಅವರಲ್ಲಿ ಮರಿಯಾ ಎಂಬ ಒಬ್ಬ ಹೆಣ್ಣುಮಗಳು. 2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ಟ್ಯಾಂಕರಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕಾದವಳು ನಾನು. ಆ ಕಾಡಿನ ಒಂದು ತೊರೆಗೆ ಕೈಯಿಟ್ಟು ಬಹಳ ಹೊತ್ತು ಕೂತೆ. ಹೋದ ನೀರು ಮರಳಿ ಬರಬಹುದು, ಬಂದಿದೆ.

ಬಂದರಿನ ಬಳಿ ವಲೊಂಗೊ ಎಂಬಲ್ಲಿ 2011ರಲ್ಲಿ ರಸ್ತೆ ಅಗೆಯುವಾಗ ಸಿಕ್ಕ ಹಳೆಯ ಧಕ್ಕೆಯಿದೆ. ಒರಟು ಕಲ್ಲುಹಾಸು, ಅಷ್ಟೇ. ಆಫ್ರಿಕದಿಂದ ತಂದ ಸುಮಾರು 9 ಲಕ್ಷ ಜನ ಅಮೆರಿಕದ ನೆಲದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಈ ಕಲ್ಲುಗಳ ಮೇಲೆ ಎಂದು ಅಂದಾಜು. ಇಡೀ ಬ್ರೆಜಿಲಿಗೆ ಬಂದವರು 48 ಲಕ್ಷದಷ್ಟು. ಗುಲಾಮಗಿರಿ ಎಂದರೆ ನಮಗೆಲ್ಲ ನೆನಪಾಗುವ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ಬಂದವರು 4 ಲಕ್ಷದಷ್ಟು ಮಾತ್ರ. ಮೊದಲು ಸಕ್ಕರೆಗೆ, ಆಮೇಲೆ ಮಿನಾಸ್‌ನ ಚಿನ್ನಕ್ಕೆ, ಕೊನೆಗೆ ಕಾಫಿಗೆ. ಬ್ರೆಜಿಲ್ ಗುಲಾಮಗಿರಿಯನ್ನು ರದ್ದುಮಾಡಿದ್ದು 1888ರ ಮೇ 13ರಂದು, ಎರಡೂ ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ. ಮೈಸೂರಿನಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ ಅದು. ಅಷ್ಟು ಹತ್ತಿರದ ಮಾತು.

ಮರುದಿನ ವಾಸ್ಸೋರಾಸ್‌ಗೆ ಹೋದೆವು. ಪರಾಯಿಬ ಕಣಿವೆಯ ಈ ಸಣ್ಣ ಪೇಟೆ 1850ರ ಸುಮಾರಿಗೆ ಪ್ರಪಂಚದ ಕಾಫಿ ರಾಜಧಾನಿಯ ಹಾಗಿತ್ತು. ಕಾಫಿ ದೊರೆಗಳಿಗೆ ಚಕ್ರವರ್ತಿ ಬ್ಯಾರನ್ ಬಿರುದು ಕೊಡುತ್ತಿದ್ದ. ಊರ ಹೊರಗಿನ ಒಂದು ಹಳೆಯ ತೋಟದಮನೆಯನ್ನು ನೋಡಲು ಬಿಡುತ್ತಾರೆ. ಉದ್ದ ಜಗಲಿ, ನೀಲಿ ಕಿಟಕಿಗಳ ಸಾಲು, ಮುಂದೆ ಕಲ್ಲು ಹಾಸಿದ ವಿಶಾಲ ಕಣ. ಕಾಫಿ ಒಣಗಿಸುವ ಕಣ ನಾನು ನೂರು ನೋಡಿದ್ದೇನೆ. ನಮ್ಮ ಕಡೆ ಕಣವೆಂದರೆ ಪೂಜೆ ಮಾಡಿ ಚಪ್ಪಲಿ ಬಿಟ್ಟು ಇಳಿಯುವ ಜಾಗ. ಅಲ್ಲಿ ಕಣದ ಮೂರು ಬದಿಗೂ ಕಿಟಕಿಯಿಲ್ಲದ ಉದ್ದನೆಯ ಕೊಟ್ಟಡಿಗಳಿದ್ದ ಗುರುತು. ಗುಲಾಮರನ್ನು ರಾತ್ರಿ ಬೀಗ ಹಾಕಿ ಕೂಡುತ್ತಿದ್ದ ಜಾಗ. ಕೂಡಿಹಾಕಿದ ಬೀಗಕ್ಕೂ ಚಾವಿ ಇತ್ತಲ್ಲ. ಮೊದಲ ದಿನ ಆ ಮಾತು ಕೇಳಿ ಹಿಗ್ಗಿದ್ದು ನೆನಪಾಗಿ ನಾಲಿಗೆ ಒಣಗಿತು. 1838ರಲ್ಲಿ ಈ ಸೀಮೆಯಲ್ಲಿ ಮನುಯೆಲ್ ಕಾಂಗೊ ಎಂಬ ಕಮ್ಮಾರನ ಹಿಂದೆ ನೂರಾರು ಗುಲಾಮರು ತೋಟ ಬಿಟ್ಟು ಕಾಡು ಸೇರಿದ್ದರು. ಹಿಡಿದು ತಂದು 1839ರಲ್ಲಿ ಇದೇ ಊರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಊರಲ್ಲಿ ಅವನ ಸ್ಮಾರಕವಿದೆ. ನಾನು ಚೀಲದಲ್ಲಿದ್ದ ಸಣ್ಣ ಪೊಟ್ಟಣ ತೆಗೆದು ನಮ್ಮ ಅಂಗಡಿಯ ಪುಡಿ ಒಂದು ಚಿಟಿಕೆ ಅಲ್ಲಿಟ್ಟು ಕೈ ಮುಗಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಸುತ್ತಲಿನ ಗುಡ್ಡಗಳು ಬೋಳು ಬೋಳು. ಒಂದು ಕಾಫಿ ಗಿಡವಿಲ್ಲ. ಮೇಸ್ತ್ರಿಗಳಿಗೆ ಆಳುಗಳು ಕಾಣುತ್ತಿರಲಿ ಎಂದು ಬುಡದಿಂದ ನೆತ್ತಿಗೆ ನೇರ ಸಾಲು ನೆಟ್ಟಿದ್ದರಂತೆ. ಮಳೆಗೆ ಮೇಲ್ಮಣ್ಣು ಅದೇ ಸಾಲುಗಳಲ್ಲಿ ಇಳಿದು ಹೋಯಿತು. ಐವತ್ತು ಅರವತ್ತು ವರ್ಷದಲ್ಲಿ ನೆಲ ಸತ್ತಿತು, ದೊರೆಗಳು ಸಾಲದಲ್ಲಿ ಮುಳುಗಿದರು, ಕಾಫಿ ಪಶ್ಚಿಮದ ಹೊಸ ಕಾಡು ಹುಡುಕಿಕೊಂಡು ಸಾವೊ ಪಾಲೊಗೆ ನಡೆಯಿತು. ಈಗ ಆ ಗುಡ್ಡಗಳಲ್ಲಿ ಹುತ್ತ, ಹುಲ್ಲು, ಡುಬ್ಬದ ಬಿಳಿ ದನಗಳು. ನೆಲೋರೆ ತಳಿ. ಆಂಧ್ರದ ನೆಲ್ಲೂರಿನ ಹೆಸರೇ. ನಮ್ಮ ಓಂಗೋಲ್ ದನಗಳು ಹಡಗು ಹತ್ತಿ ಹೋಗಿ ಅಲ್ಲಿ ಬೆಳೆದದ್ದು. ಈಗ ಬ್ರೆಜಿಲಿನಲ್ಲಿ ಜನಕ್ಕಿಂತ ದನ ಹೆಚ್ಚು, 23 ಕೋಟಿ, ಅವುಗಳಲ್ಲಿ ಬಹುಪಾಲು ನಮ್ಮ ದನಗಳ ವಂಶ. ಅಲ್ಲಿ ಅವುಗಳನ್ನು ಸಾಕುವುದು ಮಾಂಸಕ್ಕೆ.

ಗುಲಾಮಗಿರಿ ಮುಗಿಯುತ್ತದೆಂದು ಗೊತ್ತಾದಾಗ ಸಾವೊ ಪಾಲೊದ ತೋಟದವರು ಇಟಲಿಯಿಂದ ಬಡವರನ್ನು ಕರೆತಂದರು. 1887ರಲ್ಲಿ ತೆರೆದ ವಲಸಿಗರ ವಸತಿಗೃಹದಲ್ಲಿ ಮುಚ್ಚುವವರೆಗೆ 25 ಲಕ್ಷ ಜನ ತಂಗಿ ಹೋದರು. ಅದೂ ಈಗ ಮ್ಯೂಸಿಯಂ. ತೋಟಗಳಲ್ಲಿ ತನ್ನ ಜನರನ್ನು ನಡೆಸಿಕೊಳ್ಳುವ ರೀತಿ ಕೇಳಿ ಇಟಲಿ ಸರ್ಕಾರ 1902ರಲ್ಲಿ ಟಿಕೆಟ್ ಕೊಟ್ಟು ಕರೆಸುವುದನ್ನು ತಡೆಯಿತು. ಆಗ ಜಪಾನಿನವರು ಬಂದರು. 1908ರ ಜೂನ್ 18ರಂದು 781 ಜನರ ಮೊದಲ ಹಡಗು ಸಾಂತೋಸ್ ಮುಟ್ಟಿತು. ಜಪಾನಿನ ಹೊರಗೆ ಅತಿ ಹೆಚ್ಚು ಜಪಾನೀ ಮೂಲದವರು ಇರುವುದು ಇವತ್ತು ಬ್ರೆಜಿಲಿನಲ್ಲಿ.

ಜುಲೈ 18ರ ಶುಕ್ರವಾರ ನಾವು ಮಿನಾಸ್ ದಕ್ಷಿಣದ ಒಂದು ತೋಟದಲ್ಲಿದ್ದೆವು. ಹುಡುಗನ ಸಹೋದ್ಯೋಗಿಯ ತಂದೆಯದು. ಇಟಲಿಯಿಂದ ಬಂದವರ ಮೊಮ್ಮಗ, ಅರವತ್ತು ದಾಟಿದ ಹಿರಿಯರು. ಸಾವಿರ ಮೀಟರ್ ಎತ್ತರದ ಅಲೆಅಲೆ ದಿಬ್ಬಗಳು, ಕಣ್ಣು ಹರಿಯುವವರೆಗೆ ಬಾಚಿದ ಹಾಗೆ ಕಾಫಿ ಸಾಲು. ನೆರಳಿಲ್ಲ. ಬಿರುಬಿಸಿಲಲ್ಲಿ ನಿಂತ ಗಿಡಗಳ ಮೇಲೆ ಬಾಗಿಲಿನಂಥ ಯಂತ್ರವೊಂದು ಸವಾರಿ ಮಾಡಿ, ಕಡ್ಡಿಗಳಿಂದ ಕೊಂಬೆ ಅಲುಗಿಸಿ, ಹಣ್ಣು, ದೋರೆ, ಒಣಗಿದ್ದು ಎಲ್ಲವನ್ನೂ ಒಟ್ಟಿಗೆ ಉದುರಿಸಿಕೊಂಡು ಹೋಗುತ್ತದೆ. ಅದನ್ನು ತಂದು ಸಿಮೆಂಟ್ ಕಣದಲ್ಲಿ ಹರಡುತ್ತಾರೆ. ನಾವು ಚೆರ್ರಿ ಅನ್ನುವ ಹಾಗೆ ಸಿಪ್ಪೆ ಸಹಿತ ಒಣಗುವ ಕಾಫಿ. ಹುಳಿ ಕಡಿಮೆ, ಮೈ ದಪ್ಪ, ಸ್ವಲ್ಪ ಬೆಲ್ಲದ ರುಚಿ. ಹೆಕ್ಟೇರಿಗೆ ಇಳುವರಿ ನಮ್ಮ ಸರಾಸರಿಯ ಸುಮಾರು ಎರಡು ಪಟ್ಟು. ಯಂತ್ರ ಹೋಗದ ಇಳಿಜಾರಿಗೆ ಉತ್ತರ ಮಿನಾಸ್‌ನಿಂದ, ಬಾಹಿಯಾದಿಂದ ಕೂಲಿಯವರು ಬರುತ್ತಾರೆ, ನಮ್ಮ ತೋಟಗಳಿಗೆ ಅಸ್ಸಾಮಿನಿಂದ ಬರುವ ಹಾಗೆ. ಆಳುಗಳನ್ನು ಜೀತದವರಂತೆ ಇಟ್ಟುಕೊಂಡು ಸಿಕ್ಕಿಬಿದ್ದ ಮಾಲೀಕರ ಹೆಸರನ್ನು ಅಲ್ಲಿನ ಸರ್ಕಾರ ಪಟ್ಟಿ ಮಾಡಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತದೆ. ಆ ಪಟ್ಟಿಗಳಲ್ಲಿ ಕಾಫಿ ತೋಟಗಳೂ ಬರುತ್ತವೆ. ನಮ್ಮಲ್ಲೂ ಇಂಥದೊಂದು ಇರಬೇಕು ಅನ್ನಿಸಿತು.

ಆ ವಾರ ಎಲ್ಲರ ಬಾಯಲ್ಲೂ ಅಮೆರಿಕ ಘೋಷಿಸಿದ ಶೇ. 50 ಸುಂಕದ ಮಾತು. ಹಿರಿಯರು ಅದನ್ನು ಬಿಟ್ಟು ನನ್ನನ್ನು ಜಗಲಿಗೆ ಕರೆದರು. ಬಟ್ಟೆಯಲ್ಲಿ ಸೋಸಿದ ಕಾಫಿಯನ್ನು ಪುಟ್ಟ ಲೋಟಕ್ಕೆ ಸುರಿದು, “ಇವತ್ತಿಗೆ ಐವತ್ತು ವರ್ಷ” ಅಂದರು. ಹುಡುಗ ಕನ್ನಡಕ್ಕೆ ತರುತ್ತಾ ಹೋದ.

1975ರ ಜುಲೈ 18. ಅಂದೂ ಶುಕ್ರವಾರ. ಅವರ ತಂದೆಯ ತೋಟ ಆಗ ಇನ್ನೂ ದಕ್ಷಿಣಕ್ಕೆ, ಪರಾನಾ ರಾಜ್ಯದಲ್ಲಿತ್ತು. ಲಾವಾ ಕಲ್ಲು ಸವೆದು ಆದ ಕೆಂಪು ಮಣ್ಣು, ನಮ್ಮ ದಖನ್ನಿನ ಹಾಗೆ ಉಕ್ಕಿ ಹರಿದ ಲಾವಾ, ಇನ್ನೂ ಹಳೆಯದು. ಆ ಮಣ್ಣಿಗೆ ಮರುಳಾಗಿ ಕಾಡು ಕಡಿದು ಕಾಫಿ ಹಾಕಿದ್ದರು, ದೇಶದ ದೊಡ್ಡ ಕಾಫಿ ರಾಜ್ಯವಾಗಿತ್ತು ಅದು. ಹಿಂದಿನ ಸಂಜೆ ಆಕಾಶ ಗಾಜಿನ ಹಾಗೆ ತಿಳಿ, ದಕ್ಷಿಣದಿಂದ ಧ್ರುವದ ಗಾಳಿ. ಅವರಪ್ಪ ಸಾಲುಗಳ ನಡುವೆ ಹಳೆ ಟೈರು, ಒದ್ದೆ ಹುಲ್ಲು ಸುಟ್ಟು ಹೊಗೆ ಎಬ್ಬಿಸಿದರು, ಹೊಗೆಯ ಹೊದಿಕೆಯಿದ್ದರೆ ನೆಲದ ಬಿಸಿ ಮೇಲೆ ಹೋಗುವುದಿಲ್ಲ ಎಂದು. ಏನೂ ಆಗಲಿಲ್ಲ. ಬಿಳಿ ಹಿಮ ಎಲೆಯ ಮೇಲೆ ಕೂರುತ್ತದೆ, ಗಿಡ ಚಿಗುರಬಹುದು. ಅಂದು ಬಂದದ್ದು ಅವರು ಕರಿಹಿಮ ಅನ್ನುವುದು. ಗಾಳಿ ಒಣಗಿ, ಗಿಡದೊಳಗಿನ ರಸವೇ ಗಡ್ಡೆಕಟ್ಟುತ್ತದೆ. ಬಿಸಿಲು ಏರುತ್ತಿದ್ದಂತೆ ಎಲೆಗಳೆಲ್ಲ ಸುಟ್ಟ ಹಾಗೆ ಕಪ್ಪಾದವು. “ಬೆಂದ ಸೊಪ್ಪಿನ ವಾಸನೆ. ಇಡೀ ಊರಿಗೆ ಊರೇ ಬೆಂದ ಸೊಪ್ಪಿನ ವಾಸನೆ. ನನಗೆ ಹದಿಮೂರು. ಅಪ್ಪ ಸಾಲಿನ ನಡುವೆ ಕೂತವರು ಏಳಲಿಲ್ಲ.” ಮರುವರ್ಷ ಪರಾನಾದಲ್ಲಿ ಕಾಫಿ ಬೆಳೆ ಹೆಚ್ಚುಕಡಿಮೆ ಸೊನ್ನೆ. 1977ರ ಹೊತ್ತಿಗೆ ಪ್ರಪಂಚದ ಬೆಲೆ ಹಲವು ಪಟ್ಟಾಯಿತು.

ಇವರ ಮನೆಯವರು ನೆಲ ಮಾರಿ ಹಿಮ ಕಡಿಮೆಯಿರುವ ಮಿನಾಸ್‌ಗೆ ಬಂದರು. ಅಕ್ಕಪಕ್ಕದವರು ಕಾಫಿ ಕಿತ್ತು ಸೋಯಾ ಹಾಕಿದರು. ಸೋಯಾಕ್ಕೆ ಆಳು ಬೇಡ, ಟ್ರ್ಯಾಕ್ಟರ್ ಸಾಕು. ಕೆಲಸ ಹೋದ ಸಾವಿರಾರು ಕುಟುಂಬಗಳು ಬಸ್ಸು ಹತ್ತಿ ಉತ್ತರಕ್ಕೆ, ರೊಂಡೋನಿಯಾಗೆ ಹೋದವು. ಅಲ್ಲಿ ಸರ್ಕಾರ ನೆಲ ಹಂಚುತ್ತಿತ್ತು. ಆ ನೆಲ ಅಮೆಜಾನ್ ಕಾಡು. ನಾನು ಅಮೆಜಾನ್ ನೋಡಲಿಲ್ಲ ಅಂದೆನಲ್ಲ, ಅದರ ಮರ ಉರುಳಿದ ಕಾರಣಗಳಲ್ಲಿ ಒಂದನ್ನು ಆ ಜಗಲಿಯಲ್ಲಿ ಕೂತು ಕೇಳಿದೆ. ಒಂದು ರಾತ್ರಿಯ ಚಳಿ ಅಷ್ಟು ದೂರ ಹೋಗಿತ್ತು. ಸೋಯಾವೂ ಅಲ್ಲಿಗೇ ನಿಲ್ಲಲಿಲ್ಲ. 1973ರಲ್ಲಿ ಕಟ್ಟಿದ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ ಹುಳಿಮಣ್ಣಿನ ಸೆರಾಡೊ ಬಯಲಿಗೆ ಸುಣ್ಣ ಹಾಕಿ, ಬಿಸಿಲುನಾಡಿಗೆ ಒಗ್ಗುವ ತಳಿ ಮಾಡಿ, ಯಾವುದಕ್ಕೂ ಆಗದು ಅನ್ನುತ್ತಿದ್ದ ನೆಲದಲ್ಲಿ ಸೋಯಾ ಬೆಳೆಸಿತು. ವಿಜ್ಞಾನದ ದೊಡ್ಡ ಸಾಧನೆ ಅದು, ಮನಸಾರೆ ಒಪ್ಪುತ್ತೇನೆ. ಪ್ರಪಂಚದಲ್ಲಿ ಅತಿ ಹೆಚ್ಚು ಸೋಯಾ ಮಾರುವ ದೇಶ ಈಗ ಬ್ರೆಜಿಲ್, ಹೆಚ್ಚು ಕೊಳ್ಳುವುದು ಚೀನಾ. ಆದರೆ ಆ ಬಯಲಿನ ಅರ್ಧದಷ್ಟು ಸಹಜ ಗಿಡಮರ ಹೋದ ಮೇಲೆ ಬಂದ ಸಂಪತ್ತು ಅದು, ಮತ್ತು ಅದೇ ಬಯಲಿನಲ್ಲಿ ದೊಡ್ಡ ದೊಡ್ಡ ನದಿಗಳು ಹುಟ್ಟುತ್ತವೆ.

ದುಡ್ಡಿನ ಮಾತು ಬಂದಾಗ ಹಿರಿಯರು ಗೋಡೆಯ ಪಂಚಾಂಗದ ಹಿಂದಿನಿಂದ ಹಳೆಯ ನೋಟುಗಳ ಕಟ್ಟು ತೆಗೆದರು. 1994ರ ಜುಲೈ 1ರಂದು ರಿಯಾಲ್ ಎಂಬ ಹೊಸ ನಾಣ್ಯ ಬರುವ ಮುಂಚೆ, ಬೆಲೆಗಳು ವರ್ಷಕ್ಕೆ ಇಪ್ಪತ್ತು ಪಟ್ಟಿಗೂ ಹೆಚ್ಚು ಏರಿದ್ದ ಕಾಲದವು. ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು. ಆಗ ನಂಬಿಕೆಗೆ ಇದ್ದದ್ದು ಕಾಫಿ ಮೂಟೆ ಒಂದೇ. ಇಂದಿಗೂ ಸಹಕಾರ ಸಂಘದಲ್ಲಿ ಟ್ರ್ಯಾಕ್ಟರಿಗೆ ಎಷ್ಟು ಮೂಟೆ, ಗೊಬ್ಬರಕ್ಕೆ ಎಷ್ಟು ಮೂಟೆ ಎಂದೇ ಮಾತು. ನಮ್ಮ ಅಜ್ಜಿ ಮದುವೆ ಖರ್ಚನ್ನು ಪಲ್ಲ ಭತ್ತದಲ್ಲಿ ಹೇಳುತ್ತಿದ್ದರು.

ಹೊರಡುವ ಮುಂಚೆ ಮೂಡಿಗೆರೆ ಹತ್ತಿರ ನಾವು ಕಾಫಿ ತರಿಸುವ ತೋಟದ ಫೋಟೊಗಳನ್ನು ಅವರಿಗೆ ತೋರಿಸಿದೆ. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು. “ಇದು ಕಾಡಲ್ವಾ? ಕಾಫಿ ಎಲ್ಲಿ?” ಎಂದು ಕೇಳಿದರು. ಮರದ ಕೆಳಗಿನ ಗಿಡಗಳನ್ನು ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತಿನ ಮೇಲೆ, “ಇಲ್ಲಿ ಹಿಮ ಬಿದ್ದರೂ ಕೆಳಗೆ ತಲುಪೋದಿಲ್ಲ” ಅಂದರು. ನಮ್ಮಲ್ಲಿ ಹಿಮ ಬೀಳುವುದಿಲ್ಲ ಎಂದೆ. ಬಿಸಿಲು ಬೀಳುತ್ತದೆ, ಪ್ರತಿ ವರ್ಷ ಹೆಚ್ಚು ಬೀಳುತ್ತಿದೆ, ಬಿಸಿಲು ಬಿದ್ದ ಕಡೆ ಅರೇಬಿಕಾ ಜಾತಿಯ ಕಾಫಿ ಗಿಡಕ್ಕೆ ಕಾಂಡಕೊರಕ ಹುಳು ಬರುತ್ತದೆ, ಆದರೂ ನಮ್ಮವರು ಹೆಚ್ಚು ಇಳುವರಿಗೆಂದು ನೆರಳು ಕಡಿಯುತ್ತಿದ್ದಾರೆ. ಅದನ್ನೂ ಹೇಳಿದೆ. ಬ್ರೆಜಿಲಿನ ಇಳುವರಿ ತೋರಿಸಿ ಮರ ಕಡಿಸುವವರಿಗೆ ನಾನು ವಾಸ್ಸೋರಾಸ್‌ನ ಗುಡ್ಡಗಳನ್ನೂ ತೋರಿಸಬೇಕೆಂದಿದ್ದೇನೆ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಫೋನು ಕೊಟ್ಟೆ. ಎಂಬತ್ತೆರಡು ವರ್ಷದ ಕಣ್ಣು. ಸಾಲು ಸಾಲು ಕಾಫಿಯ ಫೋಟೊಗಳನ್ನು ಸರಿಸುತ್ತಾ ಹೋದರು, ಏನೂ ಹೇಳಲಿಲ್ಲ. ಒಂದರಲ್ಲಿ ನಿಂತರು. ಆ ಹಿರಿಯರ ತೋಟದ ನಡುವೆ ಒಂದೇ ಒಂದು ಮರ, ಎಲೆಯಿಲ್ಲದೆ ಮೈತುಂಬ ನೇರಳೆಗೆಂಪು ಹೂ. ಅಲ್ಲಿ ಇಪೆ ಅನ್ನುತ್ತಾರೆ, ಅದನ್ನು ಕಡಿಯಲು ಮನಸ್ಸಾಗದೆ ಯಂತ್ರ ಸುತ್ತಿ ಹೋಗುವ ಹಾಗೆ ಸಾಲು ಬಗ್ಗಿಸಿದ್ದರು.

“ಇದು ನಮ್ಮ ಕಬ್ಬನ್ ಪಾರ್ಕಿನ ಮರ ಅಲ್ವೇನಮ್ಮ?”

“ಹೂಂ ಅಪ್ಪ, ಅದೇ. ಇದು ಅದರ ಊರು.”

ಅಪ್ಪ ಫೋಟೊವನ್ನು ದೊಡ್ಡದು ಮಾಡಿ, ಹೂವಿನ ಕೆಳಗೆ ನೆಲದ ಮೇಲೆ ಬಿದ್ದಿದ್ದ ಪುಟ್ಟ ದುಂಡು ನೆರಳಿನ ಮೇಲೆ ಬೆರಳಿಟ್ಟುಕೊಂಡು ಕೂತರು. ಅಷ್ಟರಲ್ಲಿ ಗಿರಾಕಿ ಬಂದರು, ಕಾಲು ಕಿಲೋ ಪುಡಿ, ಎಂಬತ್ತಕ್ಕೆ ಇಪ್ಪತ್ತು ಚಿಕೋರಿ. ನಾನು ಎದ್ದು ಡ್ರಮ್ಮಿನ ಮುಚ್ಚಳ ತೆಗೆದೆ.